ಜೀವಕೋಶದ ಸಸ್ಪೆನ್ಸ್ ಅಕೌಂಟ್: ನಾಯಿಗಳ ಒಂದು ಕಾಯಿಲೆ ಪತ್ತೆಯಾದ ಕಥೆ

ಬ್ಯಾಂಕಿನವನಿಗೆ ನಾಯಿಯ ಕಾಯಿಲೆಯ ಉಸಾಬರಿ ಯಾಕಪ್ಪಾ ಅಂತ ನೀವು ಕೇಳಿದರೆ ತಪ್ಪೇನಿಲ್ಲ. ನಾನು ಓದಿದ್ದು ಬಿ.ಕಾಂ. ಬಯಾಲಜಿಯ ಋಣ ಎಸ್ಸೆಸ್ಸೆಲ್ಸಿಗೇ ತೀರಿತು. ಮುಂಬೈಗೆ ಬಂದ ಮೇಲಂತೂ ಮೂವತ್ತು ವರ್ಷದಿಂದ ಡೆಬಿಟ್ಟು, ಕ್ರೆಡಿಟ್ಟು, ಲೋಕಲ್ ಟ್ರೈನು, ಇಷ್ಟೇ ಪ್ರಪಂಚ. ಆದರೂ ಕೆಲವು ತಿಂಗಳಿಂದ ಬಿಡುವಾದಾಗಲೆಲ್ಲ ಓದುತ್ತಿರುವ ಒಂದು ಚರಿತ್ರೆಯನ್ನು ನಿಮಗೂ ಹೇಳಲೇಬೇಕು ಅನ್ನಿಸಿದೆ. ಯಾಕೆಂದರೆ ಅದರಲ್ಲಿ ನಾಯಿಗಳಿವೆ, ಮಕ್ಕಳಿದ್ದಾರೆ, ಜೊತೆಗೆ ಬಾಕಿ ಲೆಕ್ಕ, ಜಂಟಿ ಖಾತೆ, ಮುಚ್ಚಿಟ್ಟ ಸಾಲ... ನನ್ನ ಕಸುಬಿನದೆಲ್ಲವೂ ಇದೆ!

ಮೊದಲು ಕಾಯಿಲೆ ಎಂಥದ್ದು ಅಂತ ನೋಡೋಣ. ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್ ಅಂತ ಸ್ಕಾಟ್ಲೆಂಡ್ ಮೂಲದ ಒಂದು ತಳಿ ಇದೆ. ಗಿಡ್ಡ ಕಾಲಿನ, ಬೆಳ್ಳಗಿನ, ಚುರುಕು ನಾಯಿ. ಅದರ ಒಂದು ಮರಿ ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಹಾಲು ಕುಡಿಯುತ್ತದೆ, ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತದೆ. ಕೆಲವೇ ತಿಂಗಳಲ್ಲಿ ಹಿಂಗಾಲು ತೊಡರತೊಡಗುತ್ತದೆ. ಆಮೇಲೆ ನಡುಕ. ಆಮೇಲೆ ನಿಲ್ಲಲೂ ಆಗುವುದಿಲ್ಲ. ಸಾಮಾನ್ಯವಾಗಿ ಒಂದು ವರ್ಷ ತುಂಬುವುದರೊಳಗೆ ಕಥೆ ಮುಗಿಯುತ್ತದೆ. ಬೆನ್ನಿಗೆ ಪೆಟ್ಟು ಬಿದ್ದಿದೆಯೇ? ಡಿಸ್ಟೆಂಪರೇ? ವಿಷ ತಿಂದಿತೇ? ಒಂದು ಕಾಲದಲ್ಲಿ ಪಶುವೈದ್ಯರಿಗೆ ಇವೆಲ್ಲ ಬರೀ ಊಹೆ. ಉತ್ತರ ಸಿಗುತ್ತಿದ್ದದ್ದು ಮರಿ ಸತ್ತ ಮೇಲೆ, ಅದರ ಮಿದುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ.

ಸತ್ತ ಮೇಲೆ ಸಿಗುತ್ತಿದ್ದ ಆ ಉತ್ತರ, ಬದುಕಿರುವಾಗಲೇ ಸಿಗುವಂತಾಗಿ, ಕೊನೆಗೆ ಮರಿ ಹುಟ್ಟುವುದಕ್ಕೂ ಮೊದಲೇ ಸಿಗುವಂತಾದದ್ದು ಹೇಗೆ? ಇದೇ ಇವತ್ತಿನ ಕಥೆ.

ಲೈಸೊಸೋಮ್ ಅನ್ನುವ ಹೆಸರು ಕೇಳಿ ಹೆದರಬೇಡಿ. ನಮ್ಮ ದೇಹದ ಪ್ರತಿ ಜೀವಕೋಶದೊಳಗೂ (ಕೆಂಪು ರಕ್ತಕಣದಂಥ ಒಂದೆರಡು ಬಿಟ್ಟರೆ) ಇರುವ ಪುಟ್ಟ ಪುಟ್ಟ ಚೀಲಗಳಿವು. ಹಳೆಯದಾದ, ಬೇಡವಾದ ವಸ್ತುವನ್ನು ಒಡೆದು ವಿಲೇವಾರಿ ಮಾಡುವುದು ಇವುಗಳ ಕೆಲಸ. ಒಡೆಯುವ ಕೆಲಸಗಾರರೇ ಕಿಣ್ವಗಳು. ಇವು ಹತ್ತಾರು ಬಗೆ, ಒಂದೊಂದಕ್ಕೂ ಒಂದೊಂದೇ ಕೆಲಸ. ನಮ್ಮ ಶಾಖೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಬಗೆಯ ವೋಚರನ್ನು ಪಾಸ್ ಮಾಡುವ ಅಧಿಕಾರ ಒಬ್ಬನೇ ಗುಮಾಸ್ತನಿಗಿದೆ ಅಂದುಕೊಳ್ಳಿ. ಅವನ ಹುದ್ದೆಯೇ ಖಾಲಿ. ಆ ವೋಚರುಗಳನ್ನು ಏನು ಮಾಡುತ್ತೀರಿ? ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೀರಿ. ಮೊದಲ ವಾರ ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಸೇರುತ್ತಾ ಹೋದರೆ ಒಂದು ದಿನ ಇಡೀ ಶಾಖೆ ಕೈಕಟ್ಟಿ ಕೂರಬೇಕಾಗುತ್ತದೆ. ಈ ಕಾಯಿಲೆಗಳೂ ಹಾಗೆಯೇ. ಒಂದು ಕಿಣ್ವ ಇಲ್ಲ, ಅದು ಒಡೆಯಬೇಕಾಗಿದ್ದ ವಸ್ತು ಒಳಗೇ ಪೇರಿಸುತ್ತಾ ಹೋಗುತ್ತದೆ. ಮರಿ ಹುಟ್ಟುವಾಗ ಚೆನ್ನಾಗಿದ್ದು ಆಮೇಲೆ ಕುಸಿಯುವುದು ಇದಕ್ಕೇ. ಇದಕ್ಕೆ ಲೈಸೊಸೋಮ್ ಶೇಖರಣಾ ಕಾಯಿಲೆ ಅನ್ನುತ್ತಾರೆ. ಶೇಖರಣೆ ಅಂದರೆ ಠೇವಣಿಯಲ್ಲ, ವಿಲೇವಾರಿಯಾಗದ ಬಾಕಿ.

ಸ್ವಾರಸ್ಯವೇನೆಂದರೆ, ಲೈಸೊಸೋಮ್ ಅನ್ನುವುದೊಂದಿದೆ ಅಂತ ಗೊತ್ತಾಗುವುದಕ್ಕೆ ಎಷ್ಟೋ ಮೊದಲೇ ಇದರ ಕಾಯಿಲೆಗಳನ್ನು ವೈದ್ಯರು ನೋಡಿದ್ದರು. ನಾರ್ವೆಯ ರೋರೋಸ್ ಅನ್ನುವ ಗಣಿ ಊರಿನಲ್ಲಿ ಸ್ಟೆಂಗೆಲ್ ಎಂಬ ವೈದ್ಯ 1826ರಲ್ಲೇ ಒಂದು ಮನೆಯ ನಾಲ್ಕು ಮಕ್ಕಳ ವಿಷಯ ಬರೆದಿಟ್ಟಿದ್ದಾನೆ. ಚೆನ್ನಾಗಿ ಬೆಳೆಯುತ್ತಿದ್ದ ಮಕ್ಕಳು ಒಬ್ಬರಾದ ಮೇಲೊಬ್ಬರು ಕಣ್ಣು ಕಳೆದುಕೊಂಡು, ಬುದ್ಧಿ ಕಳೆದುಕೊಂಡರು. 1881ರಲ್ಲಿ ಲಂಡನ್ನಿನ ಕಣ್ಣಿನ ಡಾಕ್ಟರ್ ವಾರೆನ್ ಟೇ ಒಂದು ಮಗುವಿನ ಕಣ್ಣಿನ ಹಿಂಪದರದಲ್ಲಿ ಚೆರ್ರಿ ಹಣ್ಣಿನಂಥ ಕೆಂಪು ಚುಕ್ಕೆ ನೋಡಿದರು. 1887ರಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಸ್ಯಾಕ್ಸ್ ಅದೇ ಕಾಯಿಲೆಯನ್ನು ವಿವರಿಸಿದರು. 1916ರಲ್ಲಿ ಡೆನ್ಮಾರ್ಕಿನ ನರವೈದ್ಯ ಕ್ನುಡ್ ಕ್ರಾಬ್ಬೆ, ನರಗಳ ಮೇಲಿನ ಕೊಬ್ಬಿನ ಹೊದಿಕೆ ಹಾಳಾಗಿ ಸಾಯುವ ಹಸುಗೂಸುಗಳ ಮಿದುಳಿನಲ್ಲಿ ಉಂಡುಂಡೆಯಾದ ವಿಚಿತ್ರ ಕೋಶಗಳನ್ನು ಕಂಡರು. ಮೇಲೆ ಹೇಳಿದ ಬಿಳಿ ನಾಯಿಮರಿಯ ಕಾಯಿಲೆಯೂ ಇದೇ!

ನೋಡಿದವರ ಹೆಸರು ಕಾಯಿಲೆಗೆ ಬಂತು. ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನಾಯಿಗಳ ಕಡೆಯಿಂದ ಮೊದಲ ಸುಳಿವುಗಳಲ್ಲೊಂದು ಬಂದದ್ದು ಮತ್ತೆ ಅದೇ ನಾರ್ವೆಯಿಂದ. 1953ರಲ್ಲಿ ಹಾಗೆನ್ ಎಂಬುವವರು ನಾಯಿಗಳ ಮಿದುಳಿನಲ್ಲಿ ಕೊಬ್ಬಿನಂಥ ವಸ್ತು ತುಂಬಿಕೊಳ್ಳುವ ಕಾಯಿಲೆಯ ಬಗ್ಗೆ ಬರೆದರು. ಅದು ಇಂಗ್ಲಿಷ್ ಸೆಟರ್ ಅನ್ನುವ ಬೇಟೆನಾಯಿಗಳ ಕಾಯಿಲೆ. ಒಂದು ವರ್ಷದ ಆಸುಪಾಸಿನಲ್ಲಿ ಕಣ್ಣು ಮಂದ, ಆಮೇಲೆ ಬುದ್ಧಿ ಮಂದ, ಆಮೇಲೆ ಫಿಟ್ಸು. ಎರಡು ವರ್ಷದ ಹೊತ್ತಿಗೆ ಸಾವು. ನಿಲ್ಸ್ ಕೊಪ್ಪಾಂಗ್ ಎಂಬ ಪಶುವೈದ್ಯ ವಿಜ್ಞಾನಿ ಈ ನಾಯಿಗಳ ಬೆನ್ನು ಹತ್ತಿ ಹಲವು ದಶಕ ಅದೇ ಕೆಲಸ ಮಾಡಿದರು. ಅವುಗಳ ವಂಶಾವಳಿ ಜೋಡಿಸಿ, ಇದು ಮನುಷ್ಯರ ಮಕ್ಕಳ ಕಾಯಿಲೆಗೆ ಸಮ ಅಂತ ತೋರಿಸಿದರು. ಸ್ಟೆಂಗೆಲ್ ನೋಡಿದ ಮಕ್ಕಳ ಕಾಯಿಲೆ ಮತ್ತು ಈ ಸೆಟರ್‌ಗಳ ಕಾಯಿಲೆ ಈಗ ಒಂದೇ ಗುಂಪಿಗೆ ಸೇರಿವೆ. ನ್ಯೂರೋನಲ್ ಸೀರಾಯ್ಡ್ ಲಿಪೊಫಸಿನೋಸಿಸ್ ಅಂತ ಅದರ ಹೆಸರು. ಬಾಯಿ ತಿರುಗದಿದ್ದರೆ ಎನ್‌ಸಿಎಲ್ ಅನ್ನಿ, ಡಾಕ್ಟರುಗಳೂ ಹಾಗೇ ಅನ್ನುವುದು.

ಇನ್ನು 1963ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಫಾನ್‌ಖೌಸರ್ ಮತ್ತು ಸಂಗಡಿಗರು, ಕ್ರಾಬ್ಬೆ ಹೇಳಿದ ಉಂಡೆ ಕೋಶಗಳು ನಾಯಿಯ ಮಿದುಳಿನಲ್ಲೂ ಇವೆ ಅಂತ ವರದಿ ಮಾಡಿದರು. 1966ರಲ್ಲಿ ಅಮೆರಿಕದ ಮಿನೆಸೋಟದಿಂದ ಫ್ಲೆಚರ್ ಮತ್ತಿತರರು ಅಂಥದ್ದೇ ವರದಿ ಕೊಟ್ಟರು. ಆ ಕಾಯಿಲೆ ಹೆಚ್ಚಾಗಿ ಕಂಡದ್ದು ವೆಸ್ಟ್ ಹೈಲ್ಯಾಂಡ್ ಮತ್ತು ಅದರ ದಾಯಾದಿ ತಳಿಯಾದ ಕೇರ್ನ್ ಟೆರಿಯರ್‌ಗಳಲ್ಲಿ. ಆದರೆ ಇವೆಲ್ಲವೂ ಸತ್ತ ಮೇಲಿನ ಪತ್ತೆ. ಸಾಲಗಾರ ದಿವಾಳಿಯಾದ ಮೇಲೆ ಆಡಿಟ್ ಮಾಡಿದ ಹಾಗೆ.

ಬೀಗ ತೆರೆದದ್ದು ಬೆಲ್ಜಿಯಂನಲ್ಲಿ, ಅದೂ ಒಂದು ರೆಫ್ರಿಜರೇಟರಿನಿಂದ! ಲೂವೆನ್ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ದ ದ್ಯೂವ್ ಎಂಬ ವಿಜ್ಞಾನಿ ಇನ್ಸುಲಿನ್ ಬಗ್ಗೆ ಕೆಲಸ ಮಾಡುತ್ತಿದ್ದರು. 1949ರ ಕೊನೆಯಲ್ಲಿ ಇಲಿಯ ಪಿತ್ತಜನಕಾಂಗವನ್ನು ಅರೆದು ಅದರಲ್ಲಿನ ಒಂದು ಕಿಣ್ವವನ್ನು ಅಳೆದರೆ, ಇರಬೇಕಾದ್ದರ ಹತ್ತರಲ್ಲೊಂದು ಪಾಲೂ ಸರಿಯಾಗಿ ಸಿಗಲಿಲ್ಲ. ಮಾದರಿಯನ್ನು ಫ್ರಿಜ್ಜಿನಲ್ಲಿಟ್ಟು ಐದು ದಿನ ಬಿಟ್ಟು ಮತ್ತೆ ಅಳೆದರೆ, ಕಾಣೆಯಾಗಿದ್ದ ಕಿಣ್ವ ಪ್ರತ್ಯಕ್ಷ! ಇನ್ನೊಬ್ಬರಾಗಿದ್ದರೆ ಮೊದಲ ಎಣಿಕೆ ತಪ್ಪು ಅಂತ ಹರಿದು ಬಿಸಾಕುತ್ತಿದ್ದರೇನೋ. ಇವರು ಹಾಗೆ ಮಾಡಲಿಲ್ಲ. ಕಿಣ್ವ ಯಾವುದೋ ಚೀಲದೊಳಗೆ ಅಡಗಿತ್ತು, ಐದು ದಿನದಲ್ಲಿ ಚೀಲ ಸವೆದು ಹೊರಬಂತು ಅಂತ ತರ್ಕಿಸಿದರು. 1955ರಲ್ಲಿ ಆ ಚೀಲಕ್ಕೆ ಲೈಸೊಸೋಮ್ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಕರಗಿಸುವ ಕಾಯ ಅಂತ ಅರ್ಥ. 1974ರಲ್ಲಿ ಆಲ್ಬರ್ಟ್ ಕ್ಲಾಡ್, ಜಾರ್ಜ್ ಪಲಾಡೆ ಅವರ ಜೊತೆ ನೊಬೆಲ್ ಪ್ರಶಸ್ತಿ ಬಂತು. ಟ್ಯಾಲಿಯಾಗದ ಲೆಕ್ಕದಲ್ಲೇ ವಿಷಯ ಇರುತ್ತದೆ ಅಂತ ನಮ್ಮ ಹಳೆಯ ಹೆಡ್ ಕ್ಯಾಶಿಯರುಗಳು ಹೇಳುತ್ತಿದ್ದದ್ದು ಸುಳ್ಳಲ್ಲ ನೋಡಿ.

ಅದೇ ಲೂವೆನ್‌ನ ಆನ್ರಿ ಹೆರ್ಸ್ 1963ರಲ್ಲಿ ಮುಂದಿನ ಹೆಜ್ಜೆ ಇಟ್ಟರು. ಪಾಂಪೆ ಕಾಯಿಲೆ ಅನ್ನುವ, ಕೂಸುಗಳ ಹೃದಯ ಮತ್ತು ಸ್ನಾಯುಗಳನ್ನು ಕೆಡಿಸುವ ಕಾಯಿಲೆಗೆ ಕಾರಣ ಲೈಸೊಸೋಮಿನ ಒಂದೇ ಒಂದು ಕಿಣ್ವದ ಕೊರತೆ ಅಂತ ತೋರಿಸಿದರು. ಈ ಒಂದು ಸೂತ್ರ ಸಿಕ್ಕಿದ್ದೇ ತಡ, ಹಳೆಯ ಹೆಸರುಗಳಿಗೆಲ್ಲ ಕಾರಣಗಳು ಸಿಗತೊಡಗಿದವು. 1969ರಲ್ಲಿ ಟೇ-ಸ್ಯಾಕ್ಸ್ ಕಾಯಿಲೆಯ ಕಿಣ್ವವನ್ನು ಒಕಾಡ ಮತ್ತು ಓಬ್ರಿಯನ್ ಗುರುತಿಸಿದರು. 1970ರಲ್ಲಿ ಕ್ರಾಬ್ಬೆ ಕಾಯಿಲೆಯ ಸರದಿ. ಕುನಿಹಿಕೋ ಸುಝುಕಿ ಮತ್ತು ಯೋಶಿಯುಕಿ ಸುಝುಕಿ ಮಕ್ಕಳಲ್ಲಿ ಇಲ್ಲದ ಕಿಣ್ವವನ್ನು ಕಂಡುಹಿಡಿದರು. ಅದೇ ವರ್ಷ, ಅವರೂ ಸೇರಿದ್ದ ತಂಡ, ಕಾಯಿಲೆಯ ನಾಯಿಗಳಲ್ಲೂ ಅದೇ ಕಿಣ್ವದ ಕೊರತೆ ಅಂತ ಖಚಿತಪಡಿಸಿತು. ಮಗುವಿಗೂ ಮರಿಗೂ ಉತ್ತರ ಒಂದೇ ವರ್ಷ ಸಿಕ್ಕಿತು ಅನ್ನುವುದನ್ನು ನೆನಪಿಡಿ.

ಇದರಿಂದ ಏನಾಯಿತು? ಮಿದುಳಿಗಾಗಿ ಕಾಯಬೇಕಾಗಿಲ್ಲ! ಆ ಕಿಣ್ವ ರಕ್ತದ ಬಿಳಿಕಣಗಳಲ್ಲೂ ಇರುತ್ತದೆ. ಬದುಕಿರುವ ನಾಯಿಯ ಸ್ವಲ್ಪ ರಕ್ತ ತೆಗೆದು ಅಳೆದರೆ ಸಾಕು. ಶೂನ್ಯಕ್ಕೆ ಹತ್ತಿರ ಬಂದರೆ ಕಾಯಿಲೆ ಖಚಿತ.

ಆದರೆ ಅಳೆಯುತ್ತಾ ಹೋದವರಿಗೆ ಇನ್ನೊಂದು ಗುಂಪು ಕಣ್ಣಿಗೆ ಬಿತ್ತು. ಕಾಯಿಲೆಯ ಮರಿಯ ತಂದೆ ತಾಯಿಗಳು. ಅವು ಗಟ್ಟಿಮುಟ್ಟಾಗಿವೆ, ಓಡುತ್ತವೆ, ಸ್ಪರ್ಧೆಯಲ್ಲಿ ಪದಕ ಗೆಲ್ಲುತ್ತವೆ. ಆದರೆ ಕಿಣ್ವ ಮಾತ್ರ ಸುಮಾರು ಅರ್ಧ. ಈ ಕಥೆಯ ನಿಜವಾದ ನಾಯಕ ಅಥವಾ ಖಳನಾಯಕ, ಏನಾದರೂ ಅನ್ನಿ, ಈ ಅರ್ಧದ ನಾಯಿ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಜಂಟಿ ಖಾತೆಯೇ ಸಾಕು. ಪ್ರತಿ ವಂಶವಾಹಿಯೂ ಎರಡು ಪ್ರತಿಗಳಲ್ಲಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಈ ಖಾತೆ ಐದರ್ ಆರ್ ಸರ್ವೈವರ್. ಇಬ್ಬರಲ್ಲಿ ಒಬ್ಬರು ಸಹಿ ಹಾಕಿದರೂ ವ್ಯವಹಾರ ನಡೆಯುತ್ತದೆ. ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದು ಕಿಣ್ವ ತಯಾರಿಸುತ್ತದೆ, ಅರ್ಧ ಸಾಕಾಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಇಂಥ ನಾಯಿಗೆ ವಾಹಕ ಅನ್ನುತ್ತಾರೆ. ಎರಡು ವಾಹಕ ನಾಯಿಗಳನ್ನು ಜೋಡಿ ಮಾಡಿದರೆ ಮಾತ್ರ ಕೇಡು. ಹುಟ್ಟುವ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದಕ್ಕೆ ಎರಡೂ ಪ್ರತಿ ಕೆಟ್ಟದ್ದೇ ಬಂದು ಖಾತೆ ಸ್ಥಗಿತ. ಎರಡು ವಾಹಕ. ಒಂದು ಪೂರ್ತಿ ಚೊಕ್ಕ. ಕಾಯಿಲೆಯ ಮರಿಯನ್ನು ಬಿಟ್ಟರೆ, ಕಣ್ಣಿಗೆ ಆರೋಗ್ಯವಾಗಿ ಕಾಣುವ ಮೂರರಲ್ಲಿ ಎರಡು ವಾಹಕಗಳೇ! ಅಷ್ಟೂ ಹೊರಗಿನ ನೋಟಕ್ಕೆ ಒಂದೇ.

ಹಾಗಾದರೆ ಇದು ತಳಿನಾಯಿಗಳಲ್ಲೇ ಯಾಕೆ ಹೆಚ್ಚು? ಬೀದಿನಾಯಿಗಳಲ್ಲಿ ಬರುವುದೇ ಇಲ್ಲ ಅಂತಲ್ಲ. ಆದರೆ 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಶುರುವಾದ ಮೇಲೆ, ಒಂದೊಂದು ತಳಿಗೂ ಒಂದೊಂದು ವಂಶದ ಪುಸ್ತಕ ಬಂತು. ಪುಸ್ತಕದ ಒಳಗಿನವರ ಜೊತೆಗೇ ಸಂಬಂಧ. ಅದರಲ್ಲೂ ಚಾಂಪಿಯನ್ ಗಂಡು ನಾಯಿಗೆ ಎಲ್ಲಿಲ್ಲದ ಬೇಡಿಕೆ. ಒಂದು ಲೆಕ್ಕ ಹಾಕೋಣ. ಅಂಥ ಚಾಂಪಿಯನ್ ಒಬ್ಬ ವಾಹಕ, ಅವನಿಗೆ ಬೇರೆ ಬೇರೆ ಹೆಣ್ಣುಗಳಲ್ಲಿ 200 ಮರಿಗಳು ಅಂದುಕೊಳ್ಳಿ. ಹೆಣ್ಣುಗಳೆಲ್ಲ ಚೊಕ್ಕವಾಗಿದ್ದರೆ ಒಂದು ಮರಿಗೂ ಕಾಯಿಲೆ ಬರುವುದಿಲ್ಲ. ಆದರೆ ಸುಮಾರು 100 ಮರಿಗಳು ವಾಹಕ. ಎಲ್ಲರೂ ಭಲೇ ಅನ್ನುತ್ತಾರೆ. ಆಮೇಲೆ ಆ ಚಾಂಪಿಯನ್ನನ ಮಕ್ಕಳು ಮೊಮ್ಮಕ್ಕಳನ್ನು ತಮ್ಮತಮ್ಮಲ್ಲೇ ಜೋಡಿ ಮಾಡಿದಾಗ, ಅಲ್ಲೊಂದು ಇಲ್ಲೊಂದು ಮರಿಯ ಹಿಂಗಾಲು ತೊಡರುತ್ತದೆ. ಅಷ್ಟು ಹೊತ್ತಿಗೆ ಅಜ್ಜನ ಪದಕ ಗೋಡೆಯ ಮೇಲಿದೆ, ಸಾಲ ಮೊಮ್ಮಕ್ಕಳ ತಲೆಯ ಮೇಲಿದೆ.

ಇದನ್ನು ಓದುವಾಗ ನಮ್ಮ ಕಡೆಯ ಮದುವೆಗಳು ನೆನಪಾಗದೇ ಇರುತ್ತವೆಯೇ? ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಸೋದರಮಾವ ಮತ್ತು ಅಕ್ಕನ ಮಗಳು ತಮ್ಮ ವಂಶವಾಹಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಪಾಲು ಹಂಚಿಕೊಂಡಿರುತ್ತಾರೆ. ಅತ್ತೆಮಗ, ಮಾವನಮಗಳಾದರೆ ಎಂಟರಲ್ಲೊಂದು. ಸಂಬಂಧದೊಳಗೆ ಮದುವೆಯಾದವರ ಮಕ್ಕಳಿಗೆಲ್ಲ ಕಾಯಿಲೆ ಬರುತ್ತದೆ ಅಂತಲ್ಲ, ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಇಬ್ಬರ ಬಳಿಯೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಏರುತ್ತದೆ. ಗಣಿತಕ್ಕೆ ನಾಯಿ, ಮನುಷ್ಯ ಅನ್ನುವ ಭೇದವಿಲ್ಲ.

ಇರಲಿ, ಪತ್ತೆಯ ವಿಷಯಕ್ಕೆ ಬರೋಣ. ವಾಹಕರನ್ನು ರಕ್ತದಿಂದ ಗುರುತಿಸಬಹುದು ಅಂತ ಗೊತ್ತಾದ ಮೇಲೆ ಮನುಷ್ಯರಲ್ಲಿ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1971ರಲ್ಲಿ. ಟೇ-ಸ್ಯಾಕ್ಸ್ ಕಾಯಿಲೆ ಹೆಚ್ಚಾಗಿದ್ದ ಯಹೂದಿ ಸಮುದಾಯದಲ್ಲಿ, ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ಪ್ರದೇಶದಲ್ಲಿ, ಮೈಕೆಲ್ ಕಬಾಕ್ ಎಂಬ ವೈದ್ಯರು ಸಮುದಾಯದ ಹಿರಿಯರನ್ನು ಒಪ್ಪಿಸಿ ರಕ್ತಪರೀಕ್ಷೆ ಶುರು ಮಾಡಿದರು. ಮುಂದೆ ಉತ್ತರ ಅಮೆರಿಕದ ಯಹೂದಿಗಳಲ್ಲಿ ಆ ಕಾಯಿಲೆಯ ಮಕ್ಕಳು ಹುಟ್ಟುವುದು ಶೇಕಡಾ 90ಕ್ಕಿಂತ ಹೆಚ್ಚು ಇಳಿಯಿತು. ಅದೇ ದಶಕದಲ್ಲಿ ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದ ರಾಬರ್ಟ್ ಜಾಲಿ ಮತ್ತು ಸಂಗಡಿಗರು, ಆಂಗಸ್ ತಳಿಯ ದನಗಳಲ್ಲಿನ ಮ್ಯಾನೊಸಿಡೋಸಿಸ್ ಎಂಬ ಇನ್ನೊಂದು ಶೇಖರಣಾ ಕಾಯಿಲೆಗೆ ಇದೇ ದಾರಿ ಹಿಡಿದರು. ಹೋರಿಯ ರಕ್ತ ಪರೀಕ್ಷಿಸಿ ವಾಹಕವಲ್ಲ ಅಂತ ಖಾತ್ರಿಯಾದ ಮೇಲೆಯೇ ತಳಿಗೆ ಬಿಡುವುದು.

ನಾಯಿಗಳಲ್ಲೂ ಇದನ್ನೇ ಮಾಡಹೊರಟರು. ಆದರೆ ತೊಡಕಿತ್ತು. ಕಿಣ್ವದ ಪ್ರಮಾಣ ಒಂದೊಂದು ನಾಯಿಯಲ್ಲಿ ಒಂದೊಂದು ಥರ. ಚೊಕ್ಕ ನಾಯಿಗಳಲ್ಲಿ ಅತಿ ಕಡಿಮೆ ಇರುವುದೂ, ವಾಹಕಗಳಲ್ಲಿ ಅತಿ ಹೆಚ್ಚು ಇರುವುದೂ ಒಂದರ ಮೇಲೊಂದು ಬರುತ್ತಿದ್ದವು. ರಕ್ತ ಪ್ರಯೋಗಾಲಯಕ್ಕೆ ತಾಜಾ ಆಗಿ ತಲುಪಬೇಕು, ದಾರಿಯಲ್ಲಿ ಕೆಟ್ಟರೆ ಅಂಕಿಯೂ ಕೆಟ್ಟಿತು. ಕಾಯಿಲೆ ಹೌದೋ ಅಲ್ಲವೋ ಅನ್ನುವುದಕ್ಕೆ ಪರೀಕ್ಷೆ ಗಟ್ಟಿ. ವಾಹಕ ಹೌದೋ ಅಲ್ಲವೋ ಅನ್ನುವುದಕ್ಕೆ ಎಷ್ಟೋ ಸಲ ಅನುಮಾನ. ತಳಿ ಮಾಡುವವರಿಗೆ ಬೇಕಾಗಿದ್ದದ್ದು ಎರಡನೆಯದೇ.

ಈ ನಡುವೆ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪಶುವೈದ್ಯ ಶಾಲೆಯಲ್ಲಿ ಡೊನಾಲ್ಡ್ ಪ್ಯಾಟರ್ಸನ್, ಪೀಟರ್ ಜೆಝಿಕ್, ಮಾರ್ಕ್ ಹ್ಯಾಸ್ಕಿನ್ಸ್ ಮೊದಲಾದವರು ಪತ್ತೆಯ ಕ್ರಮವನ್ನೇ ಬೆಳೆಸಿದರು. ಮಕ್ಕಳ ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಗಳನ್ನು ಪ್ರಾಣಿಗಳಿಗೂ ಮಾಡುವುದು. ಪಶುವೈದ್ಯರ ಬಳಿ ಬಂದ ಮರಿಯ ಮುಖ ಚಪ್ಪಟೆಯಾಗಿದೆಯೇ, ಕಣ್ಣಿನ ಮೇಲೆ ಮಂಜು ಕವಿದಿದೆಯೇ, ಎಕ್ಸ್-ರೇಯಲ್ಲಿ ಮೂಳೆ ಸೊಟ್ಟಗಿದೆಯೇ? ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ನೋಡಿದರೆ ಬಿಳಿಕಣಗಳೊಳಗೆ ಗುಳ್ಳೆಗಳೋ ಹರಳುಗಳೋ ಕಾಣುತ್ತವೆಯೇ? ಮೂತ್ರದ ಒಂದು ಹನಿಯನ್ನು ಕಾಗದದ ಮೇಲೆ ಹಾಕಿ ಟಾಲುಯಿಡಿನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿದರೆ ಕಲೆ ನೇರಳೆಗೆ ತಿರುಗುತ್ತದೆಯೇ? ತಿರುಗಿದರೆ ಮ್ಯುಕೋಪಾಲಿಸ್ಯಾಕರಿಡೋಸಿಸ್, ಅಂದರೆ ಎಂಪಿಎಸ್ ಗುಂಪಿನ ಕಾಯಿಲೆಯ ಶಂಕೆ. ಆಮೇಲೆ ಕಿಣ್ವದ ಅಳತೆಯಿಂದ ಖಚಿತ. ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ. ಸಾಲದ ಅರ್ಜಿ ಪರಿಶೀಲಿಸುವವರಿಗೆ ಈ ಕ್ರಮ ಹೊಸದೇನಲ್ಲ!

ಹೀಗೆ ಸಿಕ್ಕ ಎರಡು ನಾಯಿಗಳ ಹೆಸರು ಚರಿತ್ರೆಯಲ್ಲಿ ಬೇಕೇ ಬೇಕು. ಹೆಸರೆಂದರೆ ತಳಿಯ ಹೆಸರು ಅಷ್ಟೇ. 1982ರಲ್ಲಿ ಟೆನೆಸ್ಸಿಯ ರಾಬರ್ಟ್ ಶಲ್ ಮತ್ತಿತರರು, ಎಲಿಝಬೆತ್ ನ್ಯೂಫೆಲ್ಡ್ ಅವರ ಜೊತೆ ಸೇರಿ, ಪ್ಲಾಟ್ ಹೌಂಡ್ ಎಂಬ ಬೇಟೆನಾಯಿಯಲ್ಲಿ ಎಂಪಿಎಸ್ ಒಂದನೆಯ ಬಗೆಯನ್ನು ವರದಿ ಮಾಡಿದರು. 1984ರಲ್ಲಿ ಪೆನ್ಸಿಲ್ವೇನಿಯದ ತಂಡ ಏಳನೆಯ ಬಗೆಯನ್ನು ಒಂದು ಮಿಶ್ರತಳಿಯ ನಾಯಿಯಲ್ಲಿ ಪತ್ತೆ ಮಾಡಿತು. ಮಿಶ್ರತಳಿಯಾದರೆ ಭಯವಿಲ್ಲ ಅನ್ನುವವರಿಗೆ ಇದೊಂದು ಉತ್ತರ.

ವಾಹಕರ ಅನುಮಾನ ನಿಜವಾಗಿ ಬಗೆಹರಿದದ್ದು ವಂಶವಾಹಿಯನ್ನೇ ಓದುವಂತಾದಾಗ. 1996ರಲ್ಲಿ ಫಿಲಡೆಲ್ಫಿಯದ ಡೇವಿಡ್ ವೆಂಗರ್ ಅವರ ತಂಡ ವೆಸ್ಟ್ ಹೈಲ್ಯಾಂಡ್ ಮತ್ತು ಕೇರ್ನ್ ಟೆರಿಯರ್‌ಗಳ ಕ್ರಾಬ್ಬೆ ಕಾಯಿಲೆಯ ಮೂಲ ಹಿಡಿಯಿತು. ಡಿಎನ್‌ಎಯ ಉದ್ದನೆಯ ಬರಹದಲ್ಲಿ ಒಂದೇ ಒಂದು ಅಕ್ಷರ, ಎ ಇರಬೇಕಾದ ಕಡೆ ಸಿ. ಅಷ್ಟೇ! ಚೆಕ್ಕಿನಲ್ಲಿ ಒಂದಂಕಿ ತಪ್ಪಾದ ಹಾಗೆ. ಈಗ ಅಳೆಯುವ ಪ್ರಶ್ನೆಯೇ ಇಲ್ಲ, ಓದುವುದಷ್ಟೇ. ಕೆಟ್ಟ ಪ್ರತಿ ಇಲ್ಲ, ಒಂದಿದೆ, ಎರಡಿದೆ. ಮೂರೇ ಉತ್ತರ. ಕೆನ್ನೆಯ ಒಳಭಾಗವನ್ನು ಪುಟ್ಟ ಬ್ರಷ್ಷಿನಲ್ಲಿ ಉಜ್ಜಿ ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ.

2005ರಲ್ಲಿ ಇಂಥ ಸುದ್ದಿಗಳ ಸುರಿಮಳೆ. ಬಾರ್ಡರ್ ಕಾಲಿ ಎಂಬ ಕುರಿಕಾಯುವ ನಾಯಿಯ ಎನ್‌ಸಿಎಲ್ ಮೂಲವನ್ನು ಆಸ್ಟ್ರೇಲಿಯದ ವಿಜ್ಞಾನಿಗಳು ಪತ್ತೆ ಹಚ್ಚಿದರು. ಒಂದೂವರೆ ವರ್ಷದ ಹೊತ್ತಿಗೆ ಕಾಣಿಸಿಕೊಳ್ಳುವ ಕಾಯಿಲೆ ಅದು. ಅಷ್ಟರಲ್ಲಿ ನಾಯಿಗೆ ಮರಿಗಳೂ ಆಗಿಬಿಟ್ಟಿರಬಹುದು ಅನ್ನುವುದೇ ಅದರ ಕೇಡು. ಅದೇ ವರ್ಷ ಅಮೆರಿಕದ ಮಿಸ್ಸೌರಿಯಲ್ಲಿ ಮಾರ್ಟಿನ್ ಕಾಟ್ಝ್ ಅವರ ತಂಡ ಇಂಗ್ಲಿಷ್ ಸೆಟರ್‌ನ ಮೂಲವನ್ನೂ ಕಂಡುಹಿಡಿಯಿತು. ಹಾಗೆನ್ ವರದಿ ಬಂದು ಅರ್ಧ ಶತಮಾನ ದಾಟಿತ್ತು! ವರ್ಷದ ಕೊನೆಗೆ ಟಾಶಾ ಎಂಬ ಬಾಕ್ಸರ್ ನಾಯಿಯ ಇಡೀ ಡಿಎನ್‌ಎ ಓದಿ ಪ್ರಕಟಿಸಲಾಯಿತು. ಅಲ್ಲಿಂದ ಮುಂದೆ ಹುಡುಕುವ ಕೆಲಸ ಬಹಳ ಸುಲಭವಾಯಿತು.

ಆದರೆ ಇಲ್ಲೊಂದು ಎಚ್ಚರಿಕೆ. ಡಿಎನ್‌ಎ ಪರೀಕ್ಷೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಐರಿಷ್ ಸೆಟರ್‌ನಲ್ಲೂ ಕ್ರಾಬ್ಬೆ ಕಾಯಿಲೆ ಇದೆ, ಆದರೆ ಅದರ ತಪ್ಪು ವೆಸ್ಟ್ ಹೈಲ್ಯಾಂಡ್‌ನ ತಪ್ಪಲ್ಲ. ಜಪಾನಿನ ಶಿಬಾ, ಪೋರ್ಚುಗೀಸ್ ವಾಟರ್ ಡಾಗ್, ಅಲಾಸ್ಕನ್ ಹಸ್ಕಿ, ಮೂರರಲ್ಲೂ ಜಿಎಂ1 ಎಂಬ ಕಾಯಿಲೆ ಇದೆ, ಮೂರಕ್ಕೂ ಬೇರೆ ಬೇರೆ ತಪ್ಪು. ಒಂದು ತಳಿಯ ಪರೀಕ್ಷೆಯನ್ನು ಇನ್ನೊಂದು ತಳಿಗೆ ಮಾಡಿಸಿ, ಏನೂ ಇಲ್ಲವಂತೆ ಅಂತ ನಿರಾಳವಾಗುವಂತಿಲ್ಲ. ಹೊಸ ತಳಿಯಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಇವತ್ತಿಗೂ ಹಳೆಯ ದಾರಿಯೇ ಗತಿ. ಲಕ್ಷಣ ನೋಡು, ರಕ್ತ ನೋಡು, ಮೂತ್ರ ನೋಡು, ಕಿಣ್ವ ಅಳೆ. ಆಮೇಲೆ ವಂಶವಾಹಿ. ಹಳೆಯ ಪಾಸ್‌ಬುಕ್ ಎಸೆಯಬೇಡಿ ಅಂತ ನಾವು ಹೇಳುವುದಿಲ್ಲವೇ, ಹಾಗೆ.

ಈಗ ಸಾಲ ತೀರಿಸಿದ ಭಾಗಕ್ಕೆ ಬರುತ್ತೇನೆ. ನನ್ನನ್ನು ಈ ಚರಿತ್ರೆಗೆ ಕಟ್ಟಿಹಾಕಿದ್ದು ಇದೇ.

ನ್ಯೂಫೆಲ್ಡ್ ಮತ್ತು ಸಹೋದ್ಯೋಗಿಗಳು 1968ರಲ್ಲಿ ಒಂದು ಸೋಜಿಗ ತೋರಿಸಿದ್ದರು. ಎರಡು ಬೇರೆ ಬೇರೆ ಎಂಪಿಎಸ್ ಕಾಯಿಲೆಗಳ ರೋಗಿಗಳ ಚರ್ಮದ ಕೋಶಗಳನ್ನು ಒಟ್ಟಿಗೆ ಬೆಳೆಸಿದರೆ, ಒಂದರ ಕೊರತೆಯನ್ನು ಇನ್ನೊಂದು ತುಂಬಿ ಎರಡೂ ಸುಧಾರಿಸುತ್ತವೆ. ಅಂದರೆ ಹೊರಗಿನಿಂದ ಕೊಟ್ಟ ಕಿಣ್ವವನ್ನು ಕೋಶ ಒಳಗೆ ತೆಗೆದುಕೊಳ್ಳುತ್ತದೆ! ಇಲ್ಲದ ಗುಮಾಸ್ತನ ಜಾಗಕ್ಕೆ ಡೆಪ್ಯುಟೇಶನ್ ಮೇಲೆ ಇನ್ನೊಬ್ಬನನ್ನು ಕಳಿಸಬಹುದು. ಆದರೆ ಮಕ್ಕಳಿಗೆ ಕೊಡುವ ಮೊದಲು ಯಾರ ಮೇಲಾದರೂ ಪರೀಕ್ಷಿಸಬೇಕಲ್ಲ. ಆ ಪ್ಲಾಟ್ ಹೌಂಡಿನ ಸಂತತಿ ಇತ್ತು. ಎಮಿಲ್ ಕಾಕಿಸ್ ಎಂಬ ವೈದ್ಯ, ಶಲ್ ಮತ್ತಿತರರ ಜೊತೆ ಆ ನಾಯಿಗಳಿಗೆ ಕಿಣ್ವ ಕೊಟ್ಟು ನೋಡಿದರು. ಪಿತ್ತಜನಕಾಂಗದಲ್ಲಿ ತುಂಬಿದ್ದ ಬಾಕಿ ಕರಗಿತು. ಮುಂದೆ ಮಕ್ಕಳ ಮೇಲಿನ ಪ್ರಯೋಗಗಳಾಗಿ, ಲಾರೊನಿಡೇಸ್ ಎಂಬ ಆ ಔಷಧಕ್ಕೆ 2003ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಡ್ಯಾಕ್ಸ್‌ಹುಂಡ್, ನಮ್ಮ ಕಡೆ ಡಾಶುಂಡ್ ಅನ್ನುವ ಉದ್ದ ಮೈಯ ನಾಯಿ ಗೊತ್ತಲ್ಲ, ಅದರಲ್ಲಿ ಎನ್‌ಸಿಎಲ್‌ನ ಒಂದು ಬಗೆಯನ್ನು ಮಿಸ್ಸೌರಿಯವರು 2006ರಲ್ಲಿ ಗುರುತಿಸಿದರು. ಮಕ್ಕಳಲ್ಲಿ ಇದಕ್ಕೆ ಸಿಎಲ್‌ಎನ್2 ಅಂತ ಹೆಸರು. ಕೊರತೆಯ ಕಿಣ್ವವನ್ನು ನೇರವಾಗಿ ಮಿದುಳಿನ ದ್ರವಕ್ಕೆ ಸೇರಿಸಿದಾಗ ಆ ನಾಯಿಗಳಲ್ಲಿ ಕಾಯಿಲೆ ನಿಧಾನವಾಯಿತು. 2017ರಲ್ಲಿ ಅದೇ ಬಗೆಯ ಔಷಧ, ಸೆರ್ಲಿಪೊನೇಸ್ ಆಲ್ಫಾ, ಮಕ್ಕಳಿಗೆ ಬಂತು. ಗುಣ ಮಾಡುವುದಿಲ್ಲ, ನಡೆಯುವ ಶಕ್ತಿ ಕಳೆದುಹೋಗುವುದನ್ನು ತಡಮಾಡುತ್ತದೆ. ಆ ತಂದೆ ತಾಯಿಗಳಿಗೆ ಅದೇ ದೊಡ್ಡದು.

ಇನ್ನೂ ವಿಚಿತ್ರ ಕೇಳಿ. 2010ರಲ್ಲಿ ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಎಂಬ ತಳಿಯಲ್ಲಿ, ದೊಡ್ಡದಾದ ಮೇಲೆ ನಡಿಗೆ ತಪ್ಪುವ ಒಂದು ಕಾಯಿಲೆಗೆ ಎಆರ್‌ಎಸ್‌ಜಿ ಎಂಬ ವಂಶವಾಹಿ ಕಾರಣ ಅಂತ ತಿಳಿಯಿತು. ಆಗ ಆ ವಂಶವಾಹಿ ಕೆಟ್ಟ ಮನುಷ್ಯರು ಯಾರೂ ಗೊತ್ತಿರಲಿಲ್ಲ. 2018ರಲ್ಲಿ, ದೃಷ್ಟಿ ಮತ್ತು ಶ್ರವಣ ಎರಡೂ ಕುಂದುವ ಅಶರ್ ಸಿಂಡ್ರೋಮಿನ ಒಂದು ಅಪರೂಪದ ಬಗೆ ಅದೇ ವಂಶವಾಹಿಯಿಂದ ಬರುತ್ತದೆ ಅಂತ ಇಸ್ರೇಲಿನಲ್ಲಿ ಪತ್ತೆಯಾಯಿತು. ಇಲ್ಲಿ ನಾಯಿಯ ರೋಗನಿರ್ಣಯವೇ ಮೊದಲು, ಮನುಷ್ಯನದು ಎಂಟು ವರ್ಷದ ನಂತರ!

ಆದರೆ ಒಂದು ಮಾತು ಹೇಳದೇ ಹೋದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಈ ಔಷಧಗಳಿಗಾಗಿ ನಾರ್ವೆ, ಟೆನೆಸ್ಸಿ, ಪೆನ್ಸಿಲ್ವೇನಿಯ, ಮಿಸ್ಸೌರಿಗಳಲ್ಲಿ ವಾಹಕ ನಾಯಿಗಳನ್ನು ಬೇಕೆಂದೇ ಜೋಡಿ ಮಾಡಿ, ಕಾಯಿಲೆಯ ಮರಿಗಳನ್ನು ಹುಟ್ಟಿಸಿದ್ದಾರೆ. ಹೊರಗೆ ಯಾವುದನ್ನು ತಪ್ಪಿಸಬೇಕೆಂದು ಪರೀಕ್ಷೆ ಬಂತೋ, ಒಳಗೆ ಅದನ್ನೇ ಮಾಡಿದರು. ಸರಿಯೋ ತಪ್ಪೋ, ನನಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲಾಗುವುದಿಲ್ಲ. ಆದರೆ ಔಷಧದ ಬಾಟಲಿ ನೋಡುವಾಗ ಆ ನಾಯಿಗಳ ಹೆಸರಿನಲ್ಲೂ ಒಂದು ಜಮೆ ಬರೆದುಕೊಳ್ಳಬೇಕು ಅನ್ನಿಸುತ್ತದೆ.

ಇದು ನಮಗೆ ದೂರದ ಕಥೆಯೂ ಅಲ್ಲ. ನಮ್ಮ ದೇಶದ ಅಪರೂಪದ ಕಾಯಿಲೆಗಳ ನೀತಿ 2021ರಲ್ಲಿ ಬಂತು. ಗೋಶೆ, ಪಾಂಪೆ, ಎಂಪಿಎಸ್ ಮೊದಲಾದ ಲೈಸೊಸೋಮ್ ಕಾಯಿಲೆಗಳು ಅದರ ಪಟ್ಟಿಯಲ್ಲಿವೆ. 2022ರಲ್ಲಿ ನೆರವಿನ ಮಿತಿಯನ್ನು ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಿದರು. ಇದಕ್ಕೆ ಗೊತ್ತುಮಾಡಿದ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಕಿಣ್ವದ ಔಷಧ ಜೀವಮಾನವಿಡೀ ಬೇಕು, ತೂಕ ಏರಿದಂತೆ ಖರ್ಚೂ ಏರುತ್ತದೆ. 50 ಲಕ್ಷ ಎಷ್ಟು ದಿನ ಬಂದೀತು ಅಂತ ಬಡ್ಡಿ ಲೆಕ್ಕ ಗೊತ್ತಿರುವ ನಿಮಗೆ ನಾನು ಹೇಳಬೇಕೇ? ಪತ್ತೆ ಬೇಗ ಆದಷ್ಟೂ ಒಳ್ಳೆಯದು ಅನ್ನುವುದು ಇದಕ್ಕೇ.

ಕೊನೆಯದಾಗಿ, ವಾಹಕ ನಾಯಿಯನ್ನು ಏನು ಮಾಡಬೇಕು? ಪರೀಕ್ಷೆ ಬಂದ ಹೊಸದರಲ್ಲಿ ಹಲವರ ಮನಸ್ಸಿಗೆ ಬರುವ ಉತ್ತರ, ವಾಹಕಗಳನ್ನೆಲ್ಲ ತಳಿಯಿಂದ ಹೊರಹಾಕಿ ಅಂತ. ತಜ್ಞರು ಬೇಡ ಅನ್ನುತ್ತಾರೆ. ಸಣ್ಣ ತಳಿಯಲ್ಲಿ ಅಷ್ಟೊಂದು ನಾಯಿಗಳನ್ನು ತೆಗೆದರೆ ಉಳಿದವು ಇನ್ನೂ ಹತ್ತಿರದ ಸಂಬಂಧಿಗಳಾಗಿ, ಇನ್ನೊಂದು ಹೊಸ ಕಾಯಿಲೆ ತಲೆಯೆತ್ತುತ್ತದೆ. ವಾಹಕವನ್ನು ಚೊಕ್ಕ ನಾಯಿಯ ಜೊತೆ ಮಾತ್ರ ಜೋಡಿ ಮಾಡಿ, ಮರಿಗಳನ್ನು ಪರೀಕ್ಷಿಸಿ, ಚೊಕ್ಕವಾದದ್ದನ್ನು ಮುಂದಿನ ತಳಿಗೆ ಇಟ್ಟುಕೊಳ್ಳಿ. ಒಂದು ಮರಿಯೂ ಕಾಯಿಲೆಯಿಂದ ಸಾಯುವುದಿಲ್ಲ, ಒಳ್ಳೆಯ ಗುಣವೂ ಕಳೆದುಹೋಗುವುದಿಲ್ಲ. ಇಡೀ ವಿಧಾನಕ್ಕೆ ಒಂದೇ ಷರತ್ತು: ಫಲಿತಾಂಶವನ್ನು ಮುಚ್ಚಿಡಬಾರದು.

ಕಷ್ಟವಿರುವುದೂ ಅಲ್ಲೇ. ಚಾಂಪಿಯನ್ನನ ಒಡೆಯನಿಗೆ ಹೆಸರು ಕೆಡುವ ಭಯ. ಹೆಣ್ಣು ನೋಡಲು ಬಂದವರ ಮುಂದೆ ಮನೆಯ ಕಾಯಿಲೆಯ ಸುದ್ದಿ ಎತ್ತಬೇಡ ಅನ್ನುವ ನಮ್ಮ ಹಿರಿಯರಿಗೂ ಇದೇ ಭಯ. ವಾಹಕವಾಗಿರುವುದು ಕಾಯಿಲೆಯಲ್ಲ, ಅಪರಾಧವಂತೂ ಅಲ್ಲವೇ ಅಲ್ಲ. ನೀವು, ನಾನು, ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದಲ್ಲ ಒಂದು ಕೆಟ್ಟ ಪ್ರತಿ ಹೊತ್ತುಕೊಂಡೇ ಓಡಾಡುತ್ತಿದ್ದೇವೆ.

ನೀವೇನಾದರೂ ತಳಿನಾಯಿಯ ಮರಿ ಕೊಳ್ಳುವ ಯೋಚನೆಯಲ್ಲಿದ್ದರೆ ಒಂದು ಕೆಲಸ ಮಾಡಿ. ಮಾರುವವರು ವಂಶಾವಳಿಯ ಕಾಗದ ತೋರಿಸುತ್ತಾರೆ. ಅದು ಅಪ್ಪ ಅಮ್ಮ ಯಾರು ಅಂತ ಹೇಳುತ್ತದೆಯೇ ಹೊರತು, ಅವರ ಜಂಟಿ ಖಾತೆಯಲ್ಲಿ ಎಷ್ಟು ಸಹಿ ಚಾಲ್ತಿಯಲ್ಲಿವೆ ಅಂತ ಹೇಳುವುದಿಲ್ಲ. ಈ ತಳಿಗೆ ಬರುವ ಕಾಯಿಲೆಗಳ ಡಿಎನ್‌ಎ ಪರೀಕ್ಷೆ ಅಪ್ಪ ಅಮ್ಮನಿಗೆ ಮಾಡಿಸಿದ್ದೀರಾ ಅಂತ ಕೇಳಿ. ಇಲ್ಲ ಅಂದರೂ ಪರವಾಗಿಲ್ಲ, ಹತ್ತು ಜನ ಕೇಳತೊಡಗಿದರೆ ಹನ್ನೊಂದನೆಯವನ ಹೊತ್ತಿಗೆ ಮಾಡಿಸಿರುತ್ತಾರೆ. ಬ್ಯಾಂಕಿನಲ್ಲಿ ನಾನು ಕಂಡಿರುವುದು ಇಷ್ಟೇ: ಗಿರಾಕಿ ಕೇಳಿದ ಕಾಗದ ಯಾವತ್ತಿದ್ದರೂ ಹೊರಗೆ ಬಂದೇ ಬರುತ್ತದೆ.